ಮಾತು ತಪ್ಪದ ದೇವರು: ಕನ್ನಡ ಕ್ರೈಸ್ತರಲ್ಲಿ ‘ವಾಗ್ದಾನ’ದ ಪರಿಕಲ್ಪನೆ – ಒಂದು ಜಾನಪದೀಯ ವಿವೇಚನೆ

1

ಕರ್ನಾಟಕದ ಕ್ರೈಸ್ತರ ಬಗೆಗೆ ಕನ್ನಡದಲ್ಲಿ ನಡೆದಿರುವ ಅಧ್ಯಯನಗಳ ಬಹುಪಾಲು ಮಿಶನರಿಗಳ ಸೇವೆಯನ್ನು ಕುರಿತವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್, 1843ರಲ್ಲಿ ಹರ್ಮನ್ ಮೋಗ್ಲಿಂಗ್ ಆರಂಭಿಸಿದ ‘ಮಂಗಳೂರ ಸಮಾಚಾರ’, 1894ರಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟು ಇವು ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಗೌರವದ ಸ್ಥಾನ ಪಡೆದಿವೆ. ಅದು ಸರಿಯಾದುದೇ. ಆದರೆ ಈ ಕೃತಜ್ಞತೆಯ ನಡುವೆ ಒಂದು ಮರೆವೂ ಉಳಿದುಬಂದಿದೆ. ನಿಘಂಟು, ವ್ಯಾಕರಣ, ಮುದ್ರಣಗಳನ್ನು ಪಡೆದುಕೊಂಡ ನಾವು, ಆ ಎಲ್ಲದರ ಹಿಂದಿದ್ದ ನಂಬಿಕೆಯು ಕನ್ನಡದ ಮಾತಿನೊಳಗೆ ಹೇಗೆ ನೆಲೆನಿಂತಿತೆಂಬುದನ್ನು ವಿಚಾರಿಸಲಿಲ್ಲ. ಜಾನಪದ ವಿದ್ವಾಂಸರಂತೂ ಕನ್ನಡ ಕ್ರೈಸ್ತರನ್ನು ತಮ್ಮ ಕ್ಷೇತ್ರಕಾರ್ಯದ ಪರಿಧಿಯ ಹೊರಗೇ ಇರಿಸಿದರು. ಗ್ರಂಥವನ್ನೇ ಆಧರಿಸಿದ ಮತಕ್ಕೆ ಜಾನಪದವಿರದು ಎಂಬ ಪೂರ್ವಗ್ರಹ ಇದಕ್ಕೆ ಕಾರಣವಾಗಿರಬಹುದು.

ಪ್ರಸ್ತುತ ಲೇಖನವು ಈ ಪೂರ್ವಗ್ರಹವನ್ನು ಒಂದೇ ಒಂದು ಪದದ ಮೂಲಕ ಪರೀಕ್ಷಿಸಲು ಯತ್ನಿಸುತ್ತದೆ. ಆ ಪದ ‘ವಾಗ್ದಾನ’. ದೇವರು ಮನುಷ್ಯನಿಗೆ ಮಾತು ಕೊಟ್ಟಿದ್ದಾನೆ, ಆ ಮಾತು ಬದಲಾಗದು, ಆದುದರಿಂದ ಅದನ್ನು ಆತುಕೊಂಡು ಬದುಕಬಹುದು ಎಂಬುದು ಕ್ರೈಸ್ತ ವಿಶ್ವಾಸದ ನಡುಗಂಬ. ಈ ವಿಶ್ವಾಸವು ಬೆಂಗಳೂರಿನ ಹಳೆಯ ಪೇಟೆ, ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಂತಹ ಪರಿಸರದಲ್ಲಿ, ಹರಕೆ, ಕರಗ, ಪರಿಷೆಗಳ ನೆರೆಯಲ್ಲಿ ಬಾಳಿದಾಗ ಯಾವ ರೂಪ ತಾಳಿತು? ಅದು ಕೇವಲ ಆಮದಿನ ಸರಕಾಗಿ ಉಳಿಯಿತೆ, ಅಥವಾ ಕನ್ನಡದ ‘ಕೊಟ್ಟ ಮಾತು’ ಎಂಬ ಪ್ರಾಚೀನ ಮೌಲ್ಯದೊಡನೆ ಸಂವಾದಕ್ಕಿಳಿಯಿತೆ? ಅದಕ್ಕಿಂತ ಮುಖ್ಯವಾಗಿ, ಆ ಮಾತು ನೆರವೇರದೆ ಹೋಯಿತೆಂದು ತೋರಿದಾಗ ನಂಬಿದವರು ಏನು ಮಾಡುತ್ತಾರೆ? ಈ ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಳ್ಳಲಾಗಿದೆ.

2

ಕನ್ನಡದ ‘ಸತ್ಯವೇದ’ವು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬಳ್ಳಾರಿಯ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ ರೂಪುಗೊಂಡು, ಮುಂದೆ ಹಲವು ಪರಿಷ್ಕರಣಗಳನ್ನು ಕಂಡಿತು. ಈ ಪರಂಪರೆಯಲ್ಲಿ ಎರಡು ಪದಗಳು ಸ್ಥಿರವಾಗಿ ನಿಂತವು: ‘ಒಡಂಬಡಿಕೆ’ ಮತ್ತು ‘ವಾಗ್ದಾನ’. ಮೊದಲನೆಯದು ಅಚ್ಚಗನ್ನಡದ್ದು, ಒಪ್ಪು, ಸಮ್ಮತಿಸು ಎಂಬರ್ಥದ ‘ಒಡಂಬಡು’ ಎಂಬ ಹಳೆಯ ಕ್ರಿಯಾಪದದಿಂದ ಬಂದದ್ದು. ಇಬ್ಬರು ಕೂಡಿದಲ್ಲದೆ ಒಡಂಬಡಿಕೆಯಿಲ್ಲ. ಎರಡನೆಯದು ಸಂಸ್ಕೃತದ್ದು. ವಿವಾಹಪೂರ್ವದಲ್ಲಿ ಕನ್ಯೆಯನ್ನು ಮಾತಿನ ಮೂಲಕ ಕೊಡುವ ವಿಧಿಗೂ ನಮ್ಮಲ್ಲಿ ಇದೇ ಹೆಸರಿದೆ. ಕೊಡುವವನೊಬ್ಬನಿದ್ದರೆ ವಾಗ್ದಾನವಾಗುತ್ತದೆ, ಪಡೆಯುವವನು ಕೈಯೊಡ್ಡಿದರೆ ಸಾಕು.

ಇಲ್ಲಿ ಗಮನಿಸಬೇಕಾದ ಭಾಷಿಕ ಸಂಗತಿಯೊಂದಿದೆ. ಹಳೆಯ ಒಡಂಬಡಿಕೆಯ ಮೂಲಭಾಷೆಯಾದ ಹೀಬ್ರೂವಿನಲ್ಲಿ ‘ವಾಗ್ದಾನ’ ಎಂಬುದಕ್ಕೆ ಪ್ರತ್ಯೇಕವಾದ ಪದವಿಲ್ಲ. ದೇವರು ‘ಹೇಳಿದನು’, ‘ನುಡಿದನು’ ಎಂದಿರುವೆಡೆಗಳಲ್ಲಿ ಸಂದರ್ಭವನ್ನು ನೋಡಿ ಅನುವಾದಕರು ‘ವಾಗ್ದಾನ ಮಾಡಿದನು’ ಎಂದು ಬರೆಯುತ್ತಾರೆ. ದೇವರ ಮಾತೆಂದರೆ ಅದೇ ವಾಗ್ದಾನ. ನುಡಿದುದಕ್ಕೂ ನಡೆಯುವುದಕ್ಕೂ ನಡುವೆ ಬಿರುಕಿಲ್ಲ ಎಂಬುದು ಆ ಭಾಷೆಯ ತಿಳಿವಳಿಕೆ. ಕನ್ನಡದ ಜನಪದರ ಮಾತಿನ ಲಯವೂ ಹೀಗೆಯೇ ಇದೆ. ‘ಮಾತು ಕೊಡು’, ‘ಮಾತಿಗೆ ನಿಲ್ಲು’, ‘ಮಾತು ಉಳಿಸಿಕೊ’, ‘ಮಾತು ತಪ್ಪು’ ಎಂಬ ಪ್ರಯೋಗಗಳಲ್ಲಿ ‘ಮಾತು’ ಎಂಬ ಸಾಮಾನ್ಯ ಪದವೇ ಪ್ರತಿಜ್ಞೆಯ ಭಾರವನ್ನು ಹೊರುತ್ತದೆ. ‘ಭಾಷೆ ಕೊಡು’ ಎಂಬಲ್ಲಿಯೂ ಅಷ್ಟೆ. ಈ ದೃಷ್ಟಿಯಿಂದ ನೋಡಿದರೆ, ಶಿಷ್ಟವಾದ ‘ವಾಗ್ದಾನ’ಕ್ಕಿಂತ ಹಳ್ಳಿಗನ ‘ಕೊಟ್ಟ ಮಾತು’ ಹೀಬ್ರೂವಿನ ಆಶಯಕ್ಕೆ ಹತ್ತಿರವಾದುದು. ‘ಆಮೆನ್’ ಎಂಬ ಪದವೂ ಹೀಬ್ರೂವಿನಲ್ಲಿ ‘ದೃಢವಾಗಿರು’ ಎಂಬರ್ಥದ ಧಾತುವಿಗೆ ಸೇರಿದ್ದು. ನಂಬಿಕೆ, ನಂಬಿಗಸ್ತಿಕೆಗಳಿಗೆ ಅಲ್ಲಿ ಬಳಕೆಯಾಗುವ ಪದಗಳೂ ಅದೇ ಧಾತುವಿನವು. ಹೀಗಾಗಿ ಪ್ರಾರ್ಥನೆಯ ಕೊನೆಯಲ್ಲಿ ‘ಆಮೆನ್’ ಎನ್ನುವ ಕನ್ನಡ ಕ್ರೈಸ್ತನು ‘ಹಾಗೆಯೇ ಆಗಲಿ’ ಎಂದು ಹಾರೈಸುವುದಷ್ಟೇ ಅಲ್ಲ, ‘ಇದು ಗಟ್ಟಿಯಾದುದು’ ಎಂದು ಸಾಕ್ಷಿಯನ್ನೂ ಹಾಕುತ್ತಿರುತ್ತಾನೆ.

ಕೊಟ್ಟ ಮಾತಿನ ಪರಮ ನಿದರ್ಶನವಾಗಿ ಕನ್ನಡಿಗರ ಮನಸ್ಸಿನಲ್ಲಿ ನಿಂತಿರುವುದು ಗೋವಿನ ಹಾಡಿನ ಪುಣ್ಯಕೋಟಿ. ಹುಲಿಯ ಕೈಗೆ ಸಿಕ್ಕ ಹಸು, ಕರುವಿಗೆ ಹಾಲೂಡಿಸಿ ಬರುವೆನೆಂದು ಭಾಷೆ ಕೊಟ್ಟು ಹೋಗುತ್ತದೆ. ಹಾಗೆಯೇ ಮರಳಿ ಬರುತ್ತದೆ. ಈ ಕಥೆಯ ರಚನೆಯನ್ನು ಗಮನಿಸಬೇಕು. ಮಾತು ಕೊಡುವುದು ದುರ್ಬಲ ಪಕ್ಷ, ಪಡೆಯುವುದು ಬಲಿಷ್ಠ ಪಕ್ಷ. ಹಸುವಿಗೆ ತನ್ನ ಮಾತಲ್ಲದೆ ಬೇರೆ ಒತ್ತೆಯಿಲ್ಲ. ಸತ್ಯದ ಬಲದಿಂದ ದುರ್ಬಲವು ಬಲಿಷ್ಠವನ್ನು ಗೆಲ್ಲುತ್ತದೆ. ಹುಲಿಯೇ ಪ್ರಾಣ ಬಿಡುತ್ತದೆ.

ಆದಿಕಾಂಡದ 15ನೆಯ ಅಧ್ಯಾಯದಲ್ಲಿ ಬರುವ ಅಬ್ರಾಮನ ಪ್ರಸಂಗವನ್ನು ಇದರ ಪಕ್ಕದಲ್ಲಿರಿಸಿದರೆ ದಿಕ್ಕು ತಿರುಗಿರುವುದು ಕಾಣುತ್ತದೆ. ಪಶುಗಳನ್ನು ಸೀಳಿ ಎದುರುಬದುರಾಗಿ ಇಟ್ಟು, ಒಪ್ಪಂದ ಮಾಡಿಕೊಳ್ಳುವವರು ಆ ಹೋಳುಗಳ ನಡುವೆ ಹಾದುಹೋಗುವುದು ಪ್ರಾಚೀನ ಪಶ್ಚಿಮ ಏಷ್ಯಾದ ಪದ್ಧತಿ. ಮಾತು ತಪ್ಪಿದರೆ ನನಗೂ ಇದೇ ಗತಿಯಾಗಲಿ ಎಂಬುದು ಅದರ ಅರ್ಥವೆಂಬುದು ಯೆರೆಮೀಯನ ಗ್ರಂಥದ 34ನೆಯ ಅಧ್ಯಾಯದಿಂದ ತಿಳಿಯುತ್ತದೆ. ಆದರೆ ಇಲ್ಲಿ ಅಬ್ರಾಮನು ಗಾಢನಿದ್ರೆಯಲ್ಲಿದ್ದಾನೆ. ಹೋಳುಗಳ ನಡುವೆ ಹಾದುಹೋಗುವುದು ಹೊಗೆಯಾಡುವ ಒಲೆ ಮತ್ತು ಉರಿಯುವ ಪಂಜು; ಅಂದರೆ ದೈವೀ ಸಾನ್ನಿಧ್ಯದ ಕುರುಹು. ಆಣೆಯಿಡುವುದು ಬಲಿಷ್ಠ ಪಕ್ಷ. ದುರ್ಬಲ ಪಕ್ಷವು ಮಲಗಿದೆ. ಪುಣ್ಯಕೋಟಿಯ ಕಥೆಯಲ್ಲಿ ಹುಲಿಯೇ ಹಸುವಿಗೆ ಭಾಷೆ ಕೊಟ್ಟಂತೆ ಇದು. ಇಬ್ರಿಯರಿಗೆ ಬರೆದ ಪತ್ರದ 6ನೆಯ ಅಧ್ಯಾಯವು ಈ ಪ್ರಸಂಗದ ಪರಂಪರೆಯನ್ನೇ ವಿಸ್ತರಿಸಿ, ತನಗಿಂತ ಹೆಚ್ಚಿನವರು ಯಾರೂ ಇಲ್ಲದ ಕಾರಣ ದೇವರು ತನ್ನ ಮೇಲೆಯೇ ಆಣೆಯಿಟ್ಟನೆಂದು ವಿವರಿಸುತ್ತದೆ. ಆ ಮಾತು ಮತ್ತು ಆಣೆ ಎರಡೂ ಕದಲದವು, ಅವು ಜೀವಕ್ಕೆ ಹಡಗಿನ ಲಂಗರಿನಂತೆ ಎಂದು ಹೇಳುತ್ತದೆ.

3

ಮನುಷ್ಯ ಮತ್ತು ದೈವದ ನಡುವಿನ ಮಾತು ಯಾವ ದಿಕ್ಕಿಗೆ ಹರಿಯುತ್ತದೆಂಬ ಈ ಪ್ರಶ್ನೆಯನ್ನು ಬೆಂಗಳೂರಿನ ನೆಲದ ಮೇಲೆಯೇ ಪರಿಶೀಲಿಸಬಹುದು. 1892ರಲ್ಲಿ ರೂಪುಗೊಂಡ ಚಾಮರಾಜಪೇಟೆ, 1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿ, ಮಲ್ಲೇಶ್ವರಗಳು ನಗರದ ಹೊಸ ಬಡಾವಣೆಗಳಾದರೂ ಅವುಗಳಡಿಯಲ್ಲಿ ಹಳ್ಳಿಗಳ ನೆನಪಿದೆ. ಬಸವನಗುಡಿಯ ಕಡಲೆಕಾಯಿ ಪರಿಷೆ ಅಂತಹ ನೆನಪು. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಮೊದಲಾದ ಊರುಗಳ ರೈತರ ಕಡಲೆಕಾಯಿ ಹೊಲಕ್ಕೆ ಬಸವ ನುಗ್ಗುತ್ತಿತ್ತೆಂದೂ, ಮೊದಲ ಫಸಲನ್ನು ಅದಕ್ಕೇ ಒಪ್ಪಿಸುವೆವೆಂದು ರೈತರು ಹರಸಿಕೊಂಡ ಮೇಲೆ ಹಾವಳಿ ನಿಂತಿತೆಂದೂ ಐತಿಹ್ಯ ಹೇಳುತ್ತದೆ. ಕಾರ್ತಿಕದ ಕಡೆಯ ಸೋಮವಾರ ಇಂದಿಗೂ ಆ ಮಾತು ಸಲ್ಲುತ್ತದೆ. ಇದು ಹರಕೆಯ ಮಾದರಿ. ಮಾತು ಕೊಡುವವನು ಮನುಷ್ಯ, ಪಡೆಯುವುದು ದೈವ. ಹರಕೆಯಲ್ಲಿ ನಿಬಂಧನೆಯಿದೆ, ‘ಇಂಥದ್ದಾದರೆ ಇಂಥದ್ದು’ ಎಂಬ ಲೆಕ್ಕವಿದೆ. ಹರಕೆ ತಪ್ಪಿದರೆ ಮುನಿಯುವುದು ದೈವ. ಅಂದರೆ ಇಲ್ಲಿ ತಪ್ಪಬಹುದಾದವನು ಯಾವಾಗಲೂ ಮನುಷ್ಯನೇ.

ಇಷ್ಟನ್ನೇ ನೋಡಿ, ‘ನಮ್ಮ ಜನಪದ ಧರ್ಮದಲ್ಲಿ ಮನುಷ್ಯ ದೇವರಿಗೆ ಮಾತು ಕೊಡುತ್ತಾನೆ, ಕ್ರೈಸ್ತ ಧರ್ಮದಲ್ಲಿ ದೇವರು ಮನುಷ್ಯನಿಗೆ ಮಾತು ಕೊಡುತ್ತಾನೆ’ ಎಂದು ಸರಳವಾಗಿ ವಿಂಗಡಿಸಿಬಿಡುವುದು ಸುಲಭ. ಎರಡೂ ಕಡೆಯ ವಾದಿಗಳಿಗೆ ಇದು ಪ್ರಿಯವಾದ ವಿಂಗಡಣೆಯೂ ಹೌದು. ಆದರೆ ಬಸವನಗುಡಿಯಿಂದ ತಿಗಳರಪೇಟೆಗೆ ಬಂದರೆ ಈ ವಿಂಗಡಣೆ ನಿಲ್ಲುವುದಿಲ್ಲ. ಧರ್ಮರಾಯಸ್ವಾಮಿ ದೇವಾಲಯದ ಕರಗದ ಐತಿಹ್ಯದಲ್ಲಿ, ತಿಮಿರಾಸುರನ ಸಂಹಾರಕ್ಕಾಗಿ ದ್ರೌಪದಿಯಿಂದ ಹುಟ್ಟಿದ ವೀರಕುಮಾರರು ಆಕೆ ತಮ್ಮನ್ನು ಬಿಟ್ಟು ಹೋಗಬಾರದೆಂದು ಬೇಡುತ್ತಾರೆ. ವರ್ಷಕ್ಕೊಮ್ಮೆ ಮರಳಿ ಬರುವೆನೆಂದು ಆಕೆ ಮಾತು ಕೊಡುತ್ತಾಳೆ. ಚೈತ್ರದ ಹುಣ್ಣಿಮೆಯಂದು ಪೇಟೆಯ ಬೀದಿಗಳಲ್ಲಿ ಹೊರಡುವ ಕರಗವು ಆ ಮಾತಿನ ನೆರವೇರಿಕೆ. ಇಲ್ಲಿ ಮಾತು ಕೊಟ್ಟದ್ದು ದೇವಿ. ಅವಳು ಮಾತು ತಪ್ಪುವವಳಲ್ಲ ಎಂಬುದೇ ವಹ್ನಿಕುಲದವರ ವಿಶ್ವಾಸ. ದೈವದ ಬದಲಾಗದ ಮಾತಿನ ಮೇಲಿನ ನಂಬಿಕೆಯು ಬೆಂಗಳೂರಿಗೆ ಹೊರಗಿನಿಂದ ಬಂದ ಕಲ್ಪನೆಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಭೇದವೆಲ್ಲಿ? ಭೇದವಿರುವುದು ಕಾಲದ ಕಲ್ಪನೆಯಲ್ಲಿ. ಕರಗದ ಮಾತು ವರ್ಷವರ್ಷವೂ ಕಣ್ಣೆದುರು ನೆರವೇರುತ್ತದೆ. ನೆರವೇರಿ ಮತ್ತೆ ಮುಂದಿನ ಚೈತ್ರಕ್ಕೆ ಬಾಕಿಯಾಗುತ್ತದೆ. ಬೈಬಲ್ಲಿನ ಮಾತು ಬಹುಮಟ್ಟಿಗೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಊರು ಬಿಟ್ಟು ಹೊರಡುವಾಗ ಅಬ್ರಹಾಮನಿಗೆ 75 ವರ್ಷ. ಮಗ ಹುಟ್ಟಿದಾಗ 100. ಇಪ್ಪತ್ತೈದು ವರ್ಷಗಳ ಕಾಯುವಿಕೆಯ ನಡುವೆ ಆತ ನಗುತ್ತಾನೆ, ಅಡ್ಡದಾರಿ ಹಿಡಿಯುತ್ತಾನೆ, ಪ್ರಶ್ನಿಸುತ್ತಾನೆ. ಇಬ್ರಿಯರಿಗೆ ಬರೆದ ಪತ್ರದ 11ನೆಯ ಅಧ್ಯಾಯವಂತೂ, ನಂಬಿದ ಹಿರಿಯರೆಲ್ಲ ವಾಗ್ದಾನದ ಫಲವನ್ನು ಕೈಗೆ ಪಡೆಯದೆ, ದೂರದಿಂದಲೇ ಕಂಡು ಅದಕ್ಕೆ ವಂದಿಸಿ ಸತ್ತರೆಂದು ಒಪ್ಪಿಕೊಳ್ಳುತ್ತದೆ. ಕರಗದಲ್ಲಿ ಮಾತಿನ ನಂಬಿಕೆ ಪುನರಾಗಮನದಲ್ಲಿದೆ; ಸತ್ಯವೇದದಲ್ಲಿ ಅದು ನಿರೀಕ್ಷೆಯಲ್ಲಿದೆ.

4

ಮೇಲೆ ‘ವಾಗ್ದಾನ’ ಎಂಬ ಪದವು ‘ಕೊಟ್ಟ ಮಾತಿ’ಗಿಂತ ದೂರದ್ದು ಎಂದು ಹೇಳಿದೆ. ಆ ಮಾತನ್ನು ಇಲ್ಲಿ ಭಾಗಶಃ ತಿದ್ದಿಕೊಳ್ಳಬೇಕಾಗಿದೆ. ಕನ್ನಡ ನೆಲದಲ್ಲಿ ಬಲಿಷ್ಠನು ದುರ್ಬಲನಿಗೆ ಮಾತು ಕೊಟ್ಟು ತನ್ನನ್ನೇ ಕಟ್ಟಿಹಾಕಿಕೊಳ್ಳುವ ಒಂದು ದೀರ್ಘ ಪರಂಪರೆಯಿದೆ. ಅದು ದಾನಶಾಸನಗಳ ಪರಂಪರೆ. ಅರಸನೋ ಅಧಿಕಾರಿಯೋ ಭೂಮಿಯನ್ನು ಬಿಟ್ಟುಕೊಟ್ಟು, ಸೂರ್ಯಚಂದ್ರರಿರುವವರೆಗೆ ಇದು ನಡೆಯತಕ್ಕದ್ದೆಂದು ಕಲ್ಲಿನಲ್ಲಿ ಕಂಡರಿಸುತ್ತಾನೆ. ಪಡೆದವನ ಮೇಲಿನ ಕರಾರಿಗಿಂತ ಕೊಟ್ಟವನ ವಂಶದ ಮೇಲಿನ ನಿರ್ಬಂಧವೇ ಅಲ್ಲಿ ಬಲವಾದುದು; ಅಳಿದವರಿಗೆ ಶಾಪವಿದೆ. ‘ಆಚಂದ್ರಾರ್ಕ’ವೆಂಬ ಈ ಕಲ್ಪನೆ ಕನ್ನಡಿಗರಿಗೆ ಶಾಶ್ವತತೆಯ ಅಳತೆಗೋಲು.

ಕೀರ್ತನೆಗಳ ಗ್ರಂಥದ 89ನೆಯ ಕೀರ್ತನೆಯಲ್ಲಿ ದಾವೀದನ ವಂಶಕ್ಕೆ ಕೊಟ್ಟ ಮಾತಿನ ಸ್ಥಿರತೆಗೆ ಸೂರ್ಯಚಂದ್ರರೇ ಉಪಮಾನ. ಚಂದ್ರನು ಆಕಾಶದಲ್ಲಿರುವ ನಂಬತಕ್ಕ ಸಾಕ್ಷಿ. ಯೆರೆಮೀಯನ ಗ್ರಂಥದ 31ನೆಯ ಅಧ್ಯಾಯದಲ್ಲಿಯೂ ಸೂರ್ಯ, ಚಂದ್ರ, ನಕ್ಷತ್ರಗಳ ಕಟ್ಟಳೆ ಅಳಿಯುವವರೆಗೆ ಮಾತು ಅಳಿಯದೆಂಬ ನಿರೂಪಣೆಯಿದೆ. ಬೈಬಲ್ ವಿದ್ವಾಂಸ ಮೋಶೆ ವೈನ್‌ಫೆಲ್ಡ್ 1970ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ಅಬ್ರಹಾಮ ಮತ್ತು ದಾವೀದರಿಗೆ ಸಂಬಂಧಿಸಿದ ಒಡಂಬಡಿಕೆಗಳು ಪ್ರಾಚೀನ ಪಶ್ಚಿಮ ಏಷ್ಯಾದ ರಾಜದತ್ತಿಗಳ ಮಾದರಿಯವೆಂದೂ, ಸೀನಾಯಿ ಬೆಟ್ಟದ ಒಡಂಬಡಿಕೆಯು ಸಾಮಂತರೊಡನೆ ಮಾಡಿಕೊಳ್ಳುವ ಒಪ್ಪಂದದ ಮಾದರಿಯದೆಂದೂ ವಾದಿಸಿದ್ದಾರೆ. ಈ ವಾದವನ್ನು ಎಲ್ಲರೂ ಪೂರ್ಣವಾಗಿ ಒಪ್ಪದಿದ್ದರೂ, ಕನ್ನಡದ ಓದುಗನಿಗೆ ಅದು ತೀರ ಪರಿಚಿತವಾದ ಬಾಗಿಲೊಂದನ್ನು ತೆರೆಯುತ್ತದೆ. ‘ವಾಗ್ದಾನ’ದಲ್ಲಿರುವ ‘ದಾನ’ವು ಆಗ ಬರಿಯ ಔಪಚಾರಿಕ ಪದವಾಗದೆ, ದಾನಶಾಸನದ ‘ದಾನ’ವಾಗಿ ಕೇಳಿಸುತ್ತದೆ. ಅನುವಾದಕರು ಇದನ್ನು ಉದ್ದೇಶಿಸಿದ್ದರೆಂದು ನನ್ನ ವಾದವಲ್ಲ. ಭಾಷೆಯು ತನ್ನೊಳಗಿನ ನೆನಪಿನಿಂದ ಪದಕ್ಕೆ ಆ ಬೆಲೆಯನ್ನು ಕೂಡಿಸಿದೆ ಎಂಬುದಷ್ಟೆ.

ಈ ಸಂದರ್ಭದಲ್ಲಿ ಒಂದು ಮನೆತನವನ್ನು ನೆನೆಯಬೇಕು. ಬೆಂಗಳೂರಿನಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದ ಲಂಡನ್ ಮಿಶನ್ನಿನ ಬೆಂಜಮಿನ್ ರೈಸರ ಹೆಸರನ್ನು ಹಿಂದಿನ ದೊಡ್ಡಪೇಟೆಯಾದ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯವು ಉಳಿಸಿಕೊಂಡಿದೆ. ಅವರ ಮಗ, ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ.ಎಲ್. ರೈಸ್ (1837–1927), ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪಾದಕರು, ಬೆಂಗಳೂರು ಜಿಲ್ಲೆಯ ಶಾಸನಗಳ 9ನೆಯ ಸಂಪುಟ 1905ರಲ್ಲಿ ಹೊರಬಂದಿತು. ತಂದೆ ಸಾರಿದ್ದು ಅಳಿಯದ ದೈವೀ ವಾಗ್ದಾನವನ್ನು. ಮಗ ಸಂಗ್ರಹಿಸಿದ್ದು ಅಳಿಯಬಾರದೆಂದು ಕೊರೆದ ಮಾನುಷ ವಾಗ್ದಾನಗಳನ್ನು. ಆ ಶಾಸನಗಳ ದಾನಭೂಮಿಗಳಲ್ಲಿ ಎಷ್ಟೋ ಇಂದು ಗುರುತು ಸಿಗದಷ್ಟು ಬದಲಾಗಿವೆ. ಕಲ್ಲಿನ ಮಾತು ಉಳಿದು, ಕೊಟ್ಟವರ ಮಾತು ಉಳಿಯದ ಈ ದೃಶ್ಯವೇ ‘ಬದಲಾಗದ ವಾಗ್ದಾನ’ದ ಹಂಬಲಕ್ಕೆ ಮನುಷ್ಯ ಲೋಕದಲ್ಲಿರುವ ಕಾರಣವನ್ನು ತಿಳಿಸುತ್ತದೆ.

5

ಇನ್ನು ಆಚರಣೆಗೆ ಬರೋಣ. ಡಿಸೆಂಬರ್ 31ರ ರಾತ್ರಿ ಕನ್ನಡದ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ವರ್ಷಾಂತ್ಯದ ಆರಾಧನೆ ನಡೆಯುತ್ತದೆ. ನಡುರಾತ್ರಿ ದಾಟಿದೊಡನೆ ಪರಸ್ಪರ ಹಾರೈಕೆಗಳಾಗುತ್ತವೆ. ಅನೇಕ ಸಭೆಗಳಲ್ಲಿ ಆ ಹೊತ್ತಿಗೆ ಸತ್ಯವೇದದ ವಚನಗಳನ್ನು ಅಚ್ಚುಮಾಡಿದ ಚೀಟಿಗಳನ್ನು ತಟ್ಟೆಯಲ್ಲಿಯೋ ಬುಟ್ಟಿಯಲ್ಲಿಯೋ ಇಟ್ಟು, ಒಬ್ಬೊಬ್ಬರೂ ಒಂದೊಂದನ್ನು ಎತ್ತಿಕೊಳ್ಳುವ ರೂಢಿಯಿದೆ. ಅದು ಆ ವ್ಯಕ್ತಿಯ ಅಥವಾ ಕುಟುಂಬದ ‘ವರ್ಷದ ವಾಗ್ದಾನ’. ಚೀಟಿಯು ಸತ್ಯವೇದದ ಪುಟಗಳ ನಡುವೆ, ಬೀರುವಿನ ಕನ್ನಡಿಯ ಅಂಚಿನಲ್ಲಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ನೆಲೆಸುತ್ತದೆ. ಮುಂದಿನ ವರ್ಷ ಹೊಸದು ಬರುವವರೆಗೆ ಅಲ್ಲಿಯೇ ಇರುತ್ತದೆ.

ಇದರ ಪೂರ್ವಜರನ್ನು ಯುರೋಪಿನ ಭಕ್ತಿಪಂಥದಲ್ಲಿ ಕಾಣಬಹುದು. ಜರ್ಮನಿಯ ಹೆರ್ನ್‌ಹುಟ್‌ನ ಮೊರೇವಿಯನ್ ಸಮುದಾಯದಲ್ಲಿ 1728ರಿಂದ ದಿನಕ್ಕೊಂದು ವಚನವನ್ನು ಕೊಡುವ ಪದ್ಧತಿ ಆರಂಭವಾಯಿತು. 1731ರಿಂದ ಅದು ಅಚ್ಚಾಗಿ ಬರತೊಡಗಿತು. ಆ ವಚನಗಳನ್ನು ಇಂದಿಗೂ ಚೀಟಿಯೆತ್ತಿಯೇ ಆರಿಸುತ್ತಾರೆ. ಬಾಸೆಲ್ ಮಿಶನ್ ಕೂಡ ಅದೇ ಬಗೆಯ ಭಕ್ತಿಪಂಥದ ನೆಲದಲ್ಲಿ ಬೆಳೆದುದು. ಇಂಗ್ಲೆಂಡಿನಲ್ಲಿ ಪ್ರಸಿದ್ಧ ಬೋಧಕ ಸಿ.ಎಚ್. ಸ್ಪರ್ಜನ್ 1888ರಲ್ಲಿ ದಿನಕ್ಕೊಂದು ವಾಗ್ದಾನದ ಪುಸ್ತಕ ಪ್ರಕಟಿಸಿ ಅದನ್ನು ವಿಶ್ವಾಸದ ಬ್ಯಾಂಕಿನ ಚೆಕ್ಕುಪುಸ್ತಕವೆಂದು ಕರೆದರು. ಆದರೆ ಮೂಲವೆಲ್ಲಿಯದೇ ಆಗಲಿ, ಕನ್ನಡ ನಾಡಿನಲ್ಲಿ ಈ ಆಚರಣೆಗೆ ಅಷ್ಟು ಸಲೀಸಾಗಿ ಜಾಗ ದೊರೆತುದಕ್ಕೆ ಇಲ್ಲಿಯ ಕಾರಣಗಳೂ ಇವೆ. ದೇವರ ಮೂರ್ತಿಯಿಂದ ಹೂ ಬಲಕ್ಕೆ ಬಿದ್ದರೆ ಶುಭ, ಎಡಕ್ಕೆ ಬಿದ್ದರೆ ಅಶುಭವೆಂದು ತಿಳಿಯುವ ‘ಹೂ ಕೇಳುವ’ ಪದ್ಧತಿ, ಯುಗಾದಿಯಂದು ಪಂಚಾಂಗ ಓದಿಸಿ ವರ್ಷಫಲ ಕೇಳುವ ಪದ್ಧತಿ, ಗಿಳಿಶಾಸ್ತ್ರದವನ ಎಲೆ ಇವೆಲ್ಲ ‘ಆಕಸ್ಮಿಕದ ಮೂಲಕ ದೈವದ ಮಾತನ್ನು ಪಡೆಯುವ’ ಒಂದೇ ರಚನೆಗೆ ಸೇರಿದವು. ವರ್ಷದ ಆದಿಯಲ್ಲಿ ಎತ್ತುವ ಚೀಟಿಯೂ ಈ ರಚನೆಯಲ್ಲಿ ಹೊಂದಿಕೊಂಡಿತು. ಹಿಂದೆ ಹೇಳಿದ ಕಾಲಭೇದದ ದೃಷ್ಟಿಯಿಂದ ಇದು ಬಹು ಸ್ವಾರಸ್ಯಕರ. ಮುಂದಕ್ಕೆ ಚಾಚಿಕೊಂಡ, ತಲೆಮಾರುಗಳುದ್ದಕ್ಕೂ ಕಾಯಬೇಕಾದ ವಾಗ್ದಾನವನ್ನು ಜನರು ವರ್ಷದ ಆವರ್ತಕ್ಕೆ ಇಳಿಸಿಕೊಂಡಿದ್ದಾರೆ. ಕರಗದಂತೆ ವಾಗ್ದಾನವೂ ವರ್ಷಕ್ಕೊಮ್ಮೆ ಮನೆಗೆ ಬರುತ್ತದೆ.

ಸಾಮ್ಯವನ್ನು ಹೇಳಿ ಅಲ್ಲಿಗೇ ನಿಲ್ಲಿಸಿದರೆ ವಿಮರ್ಶೆಯಾಗದು. ಹೂಪ್ರಸಾದದಲ್ಲಿ ಭಕ್ತನು ನಿರ್ದಿಷ್ಟ ಪ್ರಶ್ನೆಯೊಡನೆ ಬರುತ್ತಾನೆ. ಉತ್ತರ ‘ಹೌದು’ ಅಥವಾ ‘ಅಲ್ಲ’. ಅಶುಭದ ಸಾಧ್ಯತೆ ಅಲ್ಲಿ ಸದಾ ತೆರೆದಿರುತ್ತದೆ. ಪಂಚಾಂಗವೂ ಮಳೆ ಕಡಿಮೆಯೆಂದು ಹೇಳಲು ಹಿಂಜರಿಯದು. ವಾಗ್ದಾನದ ಬುಟ್ಟಿಯಲ್ಲಿ ಮಾತ್ರ ಎಡಕ್ಕೆ ಬೀಳುವ ಹೂವಿಲ್ಲ. ಪ್ರವಾದಿಗಳ ಗದರಿಕೆಯಾಗಲಿ, ಯೋಬನ ಆಕ್ರಂದನವಾಗಲಿ, ಪ್ರಲಾಪಗಳ ಗ್ರಂಥದ ಸುಟ್ಟ ಊರಾಗಲಿ ಆ ಚೀಟಿಗಳಲ್ಲಿ ಬರುವುದು ವಿರಳ. ಆಯ್ಕೆಯು ಚೀಟಿ ಎತ್ತುವುದಕ್ಕೆ ಮುಂಚೆಯೇ, ಅಚ್ಚಿನ ಮನೆಯಲ್ಲಿಯೇ ಆಗಿಹೋಗಿರುತ್ತದೆ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ನೋಡಬಹುದು. ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದ 11ನೆಯ ವಚನವು ಇಂತಹ ಚೀಟಿಗಳಲ್ಲಿ ಅತ್ಯಂತ ಜನಪ್ರಿಯವಾದವುಗಳಲ್ಲೊಂದು. ದೇವರ ಆಲೋಚನೆಗಳು ಕೇಡಿನವಲ್ಲ, ಹಿತದವು ಎಂಬುದು ಅದರ ಆಶಯ. ಆದರೆ ಇದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದ ನಡುವಿನ ಮಾತು. ಹಿಂದಿನ ವಚನವೇ ಬಿಡುಗಡೆಗೆ 70 ವರ್ಷಗಳ ಗಡುವನ್ನು ಹೇಳುತ್ತದೆ. ಬೇಗ ಮರಳುವಿರೆಂದು ಭರವಸೆ ನೀಡುತ್ತಿದ್ದ ಪ್ರವಾದಿಗಳನ್ನು ನಂಬಬೇಡಿರೆಂದೂ, ಅಲ್ಲಿಯೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ಸೆರೆಯೊಯ್ದ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರೆಂದೂ ಆ ಪತ್ರ ಆದೇಶಿಸುತ್ತದೆ. ಪತ್ರವನ್ನು ಮೊದಲು ಕೇಳಿದ ಪ್ರೌಢರಲ್ಲಿ ಬಹುತೇಕರು ಬಿಡುಗಡೆಯನ್ನು ಕಾಣದೆಯೇ ತೀರಿಕೊಂಡಿರಬೇಕು. ‘ವರ್ಷದ ವಾಗ್ದಾನ’ವಾಗಿ ಮನೆಗೆ ಬರುವ ವಚನವು ಮೂಲದಲ್ಲಿ, ವರ್ಷದೊಳಗೆ ಏನೂ ಆಗದೆಂದು ತಿಳಿಸುವ ಪತ್ರದ್ದು! ಚೆಕ್ಕಿನ ರೂಪಕದ ದೋಷವೂ ಇದೇ. ಚೆಕ್ಕನ್ನು ಹಿಡಿದವನು ಬ್ಯಾಂಕಿಗೆ ಹೋಗಿ ನಗದು ಮಾಡಿಕೊಳ್ಳುತ್ತಾನೆ. ಕೊಟ್ಟವನ ಮುಖವನ್ನು ನೋಡಬೇಕಾದ ಅಗತ್ಯ ಅವನಿಗಿಲ್ಲ. ವಾಗ್ದಾನದಲ್ಲಿ ಕೊಟ್ಟವನನ್ನು ಬಿಟ್ಟು ಕೊಟ್ಟದ್ದಕ್ಕೆ ಬೆಲೆಯಿಲ್ಲ.

6

ಇದು ಬರಿಯ ಪಾಠಾಂತರದ ಚರ್ಚೆಯಲ್ಲ. ಆರೋಗ್ಯದ ವಾಗ್ದಾನವನ್ನು ಎತ್ತಿಕೊಂಡ ಮನೆಯಲ್ಲಿ ಆ ವರ್ಷವೇ ಸಾವು ಸಂಭವಿಸಿದರೆ ಆ ಚೀಟಿಯನ್ನು ಏನೆಂದು ಓದಬೇಕು? 2020 ಮತ್ತು 2021ರ ಸೋಂಕಿನ ವರ್ಷಗಳಲ್ಲಿ ಬೆಂಗಳೂರು ಈ ಪ್ರಶ್ನೆಯನ್ನು ತೀರ ಹತ್ತಿರದಿಂದ ಎದುರಿಸಿತು. ದೇವಾಲಯಗಳ ಬಾಗಿಲು ಮುಚ್ಚಿ, ಅಂತ್ಯಸಂಸ್ಕಾರಕ್ಕೆ ಬಂಧುಗಳೂ ಕೂಡಲಾಗದ ದಿನಗಳವು. ಇಂತಹ ಸಂದರ್ಭದಲ್ಲಿ ಸಿದ್ಧವಾಗಿ ದೊರೆಯುವ ವಿವರಣೆಗಳು ಎರಡು: ‘ನಂಬಿಕೆ ಸಾಲದೆ ಹೋಯಿತು’ ಎಂಬುದು ಒಂದು, ‘ಎಲ್ಲವೂ ಕುರುಡುನಂಬಿಕೆ’ ಎಂಬುದು ಇನ್ನೊಂದು. ಮೊದಲನೆಯದು ವಾಗ್ದಾನವನ್ನು ಮತ್ತೆ ಹರಕೆಯಾಗಿಸುತ್ತದೆ; ತಪ್ಪು ಮನುಷ್ಯನದೇ ಎನ್ನುತ್ತದೆ. ಬೆಂದ ಮನಸ್ಸಿನ ಮೇಲೆ ಅಪರಾಧವನ್ನೂ ಹೊರಿಸುವ ಈ ವಿವರಣೆ ಕ್ರೂರವಾದುದು. ಎರಡನೆಯದು, ನಂಬಿದವರು ನಿಜವಾಗಿ ಏನು ಮಾಡುತ್ತಾರೆಂಬುದನ್ನು ಗಮನಿಸುವ ತಾಳ್ಮೆಯಿಲ್ಲದುದು.

ಸತ್ಯವೇದವೇ ಮೂರನೆಯದೊಂದು ದಾರಿಯನ್ನು ಇಟ್ಟುಕೊಂಡಿದೆ. ಸೂರ್ಯಚಂದ್ರರನ್ನು ಸಾಕ್ಷಿಯಾಗಿಸಿದ ಅದೇ 89ನೆಯ ಕೀರ್ತನೆ ಉತ್ತರಾರ್ಧದಲ್ಲಿ ಹಠಾತ್ತನೆ ತಿರುಗಿನಿಲ್ಲುತ್ತದೆ. ಒಡಂಬಡಿಕೆ ಮುರಿದುಬಿದ್ದಿದೆ, ಕಿರೀಟ ಮಣ್ಣುಪಾಲಾಗಿದೆ, ಹಿಂದಿನ ಕೃಪೆಯೆಲ್ಲಿ ಹೋಯಿತೆಂದು ಕವಿ ದೇವರನ್ನೇ ಕೇಳುತ್ತಾನೆ. ಪ್ರಲಾಪಗಳ ಗ್ರಂಥದ 3ನೆಯ ಅಧ್ಯಾಯದಲ್ಲಿ ದೇವರ ಕರುಣೆ ದಿನದಿನಕ್ಕೆ ಹೊಸದೆಂಬ ಪ್ರಸಿದ್ಧ ಮಾತು ಬರುವುದು, ದೇವರೇ ತನ್ನ ದಾರಿಗೆ ಗೋಡೆ ಕಟ್ಟಿದನೆಂಬ ದೀರ್ಘ ದೂರಿನ ನಂತರ. ಶಿಲುಬೆಯ ಮೇಲೆ ಯೇಸು ನುಡಿದ ಕೈಬಿಡಲ್ಪಟ್ಟವನ ಮಾತು 22ನೆಯ ಕೀರ್ತನೆಯ ಆರಂಭ. ಇವೆಲ್ಲ ಅವಿಶ್ವಾಸದ ಮಾತುಗಳಲ್ಲ. ಮಾತು ಕೊಡದವನ ಬಾಗಿಲಲ್ಲಿ ನಿಂತು ಯಾರೂ ಜಗಳವಾಡರು. ದೂರು ಸಲ್ಲಿಸುವುದಕ್ಕೆ ಮೊದಲು ಮಾತು ಇದೆಯೆಂದು ನಂಬಿರಬೇಕು.

ಕನ್ನಡದ ಭಕ್ತನಿಗೆ ಈ ದನಿ ಅಪರಿಚಿತವೇನಲ್ಲ. ದಾಸರ ನಿಂದಾಸ್ತುತಿಗಳು, ಮಳೆ ಬಾರದಿದ್ದಾಗ ದೈವವನ್ನು ಗದರಿಸುವ ಹಾಡುಗಳು, ಹರಕೆ ಸಲ್ಲಿಸಿಯೂ ಮಗುವನ್ನು ಕಳೆದುಕೊಂಡ ತಾಯಿಯ ಅಳಲು ಇವೆಲ್ಲ ಅದೇ ಜಾತಿಯವು. ಬಾಸೆಲ್ ಮಿಶನ್ನಿನ ಪಾದ್ರಿಯಾಗಿದ್ದು 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿ ಪ್ರಕಟಿಸಿದ, 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಉತ್ತಂಗಿ ಚನ್ನಪ್ಪನವರು ತಮ್ಮ ಬದುಕಿನಿಂದ ತೋರಿಸಿದ್ದೂ ಇದನ್ನೇ: ಕನ್ನಡ ಕ್ರೈಸ್ತನು ತನ್ನ ವಿಶ್ವಾಸವನ್ನು ಬಿಟ್ಟುಕೊಡದೆ, ಕನ್ನಡದ ನಿಷ್ಠುರ ನುಡಿಯ ಪರಂಪರೆಗೂ ವಾರಸುದಾರನಾಗಬಲ್ಲ. ವಾಗ್ದಾನದ ಬುಟ್ಟಿಯಲ್ಲಿ ದೂರಿನ ವಚನಗಳಿಗೂ ಜಾಗ ಸಿಕ್ಕಿದ ದಿನ ಆ ಆಚರಣೆ ಶಕುನದ ಅಂಚಿನಿಂದ ಪಾರಾಗುತ್ತದೆಂದು ನನ್ನ ಅಭಿಪ್ರಾಯ.

ಚೀಟಿಗೆ ಪ್ರತಿಯಾಗಿ ನಿಲ್ಲುವ ಇನ್ನೊಂದು ಬರಹ ಸ್ಮಶಾನದಲ್ಲಿದೆ. ಕ್ರೈಸ್ತರ ಸಮಾಧಿಕಲ್ಲುಗಳ ಮೇಲೆ ಹೆಸರು, ತಾರೀಖುಗಳ ಕೆಳಗೆ ಒಂದು ವಚನವಿರುತ್ತದೆ. ದೇವರನ್ನು ಕುರುಬನೆಂದು ಕರೆಯುವ 23ನೆಯ ಕೀರ್ತನೆಯಂತಹ ಎಷ್ಟೋ ವಚನಗಳು ಎರಡೂ ಕಡೆ ಬರುತ್ತವೆ. ಹನ್ನೆರಡು ತಿಂಗಳು ಬಾಳುವ ಕಾಗದದ ಮೇಲೆ ಅದು ಒಂದರ್ಥ ಕೊಟ್ಟರೆ, ಕಲ್ಲಿನ ಮೇಲೆ ಬೇರೆಯೇ ಅರ್ಥ ಕೊಡುತ್ತದೆ. ಸತ್ತವನ ಕಲ್ಲಿನ ಮೇಲೆ ವಾಗ್ದಾನವನ್ನು ಕೆತ್ತಿಸುವವರು, ಅದರ ಗಡುವು ಮುಗಿದಿಲ್ಲವೆಂದು ಸಾರುತ್ತಾರೆ. ಸೂರ್ಯಚಂದ್ರರಿರುವವರೆಗೆ ಎಂದ ಶಾಸನಕಾರನ ಹಂಬಲವೇ ಇಲ್ಲಿ ಬಡಪಾಯಿಯ ಕಲ್ಲಿನಲ್ಲಿ ಮುಂದುವರಿದಿದೆ.

7

ಕಡೆಯದಾಗಿ, ಕ್ರೈಸ್ತ ಸಮುದಾಯದ ಗಡಿ ದಾಟಿ ಇಡೀ ಕನ್ನಡ ನಾಡಿನದಾದ ಒಂದು ಪದ್ಯವನ್ನು ನೋಡಬಹುದು. ಅದು ಬಿ.ಎಂ. ಶ್ರೀಕಂಠಯ್ಯನವರ (1884–1946) ‘ಇಂಗ್ಲಿಷ್ ಗೀತಗಳು’ (1926) ಸಂಕಲನದ, ‘ಕರುಣಾಳು ಬಾ ಬೆಳಕೆ’ ಎಂದೇ ಜನಜನಿತವಾದ ಪ್ರಾರ್ಥನೆ. ಇದರ ಮೂಲವನ್ನು ಜಾನ್ ಹೆನ್ರಿ ನ್ಯೂಮನ್ 1833ರ ಜೂನಿನಲ್ಲಿ, ಸಿಸಿಲಿಯಲ್ಲಿ ಕಠಿಣ ಕಾಯಿಲೆಯಿಂದ ಎದ್ದು ಊರಿಗೆ ಮರಳುವಾಗ, ಗಾಳಿಯಿಲ್ಲದೆ ಕಡಲಿನಲ್ಲಿ ನಿಂತುಹೋದ ಹಡಗಿನಲ್ಲಿ ಬರೆದರು. ಮುಂದೆ 1879ರಲ್ಲಿ ಕಾರ್ಡಿನಲ್ ಆದ ಅವರನ್ನು 2019ರಲ್ಲಿ ಕ್ಯಾಥೊಲಿಕ್ ಸಭೆ ಸಂತರೆಂದು ಸಾರಿತು. ಪದ್ಯಕ್ಕೆ ಅವರು ಕೊಟ್ಟ ಶೀರ್ಷಿಕೆ ‘ಮೇಘಸ್ತಂಭ’ ಎಂಬರ್ಥದ್ದು. ವಿಮೋಚನಕಾಂಡದಲ್ಲಿ ಅರಣ್ಯದ ದಾರಿಯುದ್ದಕ್ಕೂ ಜನರನ್ನು ನಡೆಸಿದ ಮೋಡದ ಕಂಬವನ್ನು ಅದು ನೆನಪಿಸುತ್ತದೆ. ಅಂದರೆ ಮೂಲಪದ್ಯವು ಒಂದು ಹಳೆಯ ವಾಗ್ದಾನದ ನೆನಪಿನ ಮೇಲೆ ನಿಂತಿದೆ.

ಕನ್ನಡದಲ್ಲಿ ಆ ಶೀರ್ಷಿಕೆಯ ಸುಳಿವು ಓದುಗನ ನೆನಪಿನಲ್ಲಿ ಉಳಿಯಲಿಲ್ಲ. ಅದಕ್ಕೆ ಪ್ರತಿಯಾಗಿ ಶ್ರೀಕಂಠಯ್ಯನವರು ಮೂಲದಲ್ಲಿಲ್ಲದ ಒಂದನ್ನು ಕೂಡಿಸಿದರು: ಕೈ. ಇಂಗ್ಲಿಷಿನ ಬೆಳಕು ದಾರಿ ತೋರಿ ನಡೆಸುತ್ತದೆ. ಕನ್ನಡದ ಬೆಳಕು ಕೈಹಿಡಿದು ನಡೆಸಬೇಕೆಂದು ಪ್ರಾರ್ಥಿಸಲಾಗಿದೆ. ಬೆಳಕಿಗೆ ಕೈ ಇರುವುದು ತರ್ಕಕ್ಕೆ ಒಗ್ಗದು. ಆದರೆ ಕನ್ನಡದಲ್ಲಿ ‘ಕೈಹಿಡಿ’ ಎಂದರೆ ಕಾಪಾಡು, ಮದುವೆಯಾಗು. ‘ಕೈಬಿಡು’ ಎಂದರೆ ತ್ಯಜಿಸು. ಈ ಒಂದು ನುಡಿಗಟ್ಟಿನಿಂದ ಅನುವಾದಕರು ಒಡಂಬಡಿಕೆಯ ಸಾರವನ್ನು, ಆ ಪದವನ್ನು ಬಳಸದೆಯೇ, ತಂದುಕೊಟ್ಟರು. ಮುಂದಿನ ದಾರಿಯನ್ನೆಲ್ಲ ತೋರಿಸೆಂದು ಪದ್ಯ ಕೇಳುವುದಿಲ್ಲ. ಒಂದು ಹೆಜ್ಜೆ ಸಾಕೆನ್ನುತ್ತದೆ. ಇದುವರೆಗೆ ನಡೆಸಿದ ಬಲವೇ ಮುಂದೆಯೂ ನಡೆಸೀತೆಂದು ನಂಬುತ್ತದೆ. ವರ್ಷದ ಚೀಟಿ ಮುನ್ಸೂಚನೆಯನ್ನು ಬಯಸುವಲ್ಲಿ ಈ ಪ್ರಾರ್ಥನೆ ಜೊತೆಯನ್ನು ಬಯಸುತ್ತದೆ. ಕ್ರಿಸ್ತನ ಹೆಸರೂ ಇಲ್ಲದ ಈ ಪದ್ಯವನ್ನು ಶಾಲೆಗಳಲ್ಲಿ, ಸಭೆಗಳಲ್ಲಿ ಎಲ್ಲ ಮತದವರೂ ತಲೆಮಾರುಗಳಿಂದ ಹಾಡುತ್ತ ಬಂದಿರುವುದನ್ನು ನೋಡಿದರೆ, ಕ್ರೈಸ್ತ ವಿಶ್ವಾಸದ ಮರ್ಮವೊಂದು ಕನ್ನಡದಲ್ಲಿ ಯಾವ ಘರ್ಷಣೆಯೂ ಇಲ್ಲದೆ ಮನೆಮಾತಾದುದು ತಿಳಿಯುತ್ತದೆ.

8

ಒಟ್ಟಿನಲ್ಲಿ, ಹರಕೆಯಲ್ಲಿ ಮನುಷ್ಯನು ದೈವಕ್ಕೆ, ಕರಗದಲ್ಲಿ ದೇವಿಯು ಮಕ್ಕಳಿಗೆ, ಗೋವಿನ ಹಾಡಿನಲ್ಲಿ ದುರ್ಬಲವು ಬಲಿಷ್ಠಕ್ಕೆ, ದಾನಶಾಸನದಲ್ಲಿ ಒಡೆಯನು ಪಡೆದವನಿಗೆ ಮಾತು ಕೊಡುವುದನ್ನು ಕಂಡೆವು. ಕನ್ನಡ ಕ್ರೈಸ್ತರ ವಾಗ್ದಾನವು ಈ ನಾಲ್ಕರ ನೆರೆಯಲ್ಲಿ ಬಾಳಿ, ಒಂದೊಂದರಿಂದಲೂ ಏನನ್ನಾದರೂ ಪಡೆದಿದೆ. ಯಾವುದರೊಡನೆಯೂ ಪೂರ್ಣವಾಗಿ ಒಂದಾಗಿಲ್ಲ. ಆದುದರಿಂದ ಅದು ಹೊರಗಿನದೆಂಬ ಮಾತೂ, ನೆರೆಯ ಸೋಂಕಿನಿಂದ ಕೆಟ್ಟಿತೆಂಬ ಮಾತೂ ಸಮನಾಗಿ ಅಪೂರ್ಣ. ಜಾನಪದ ಅಧ್ಯಯನವು ವರ್ಷಾಂತ್ಯದ ಆರಾಧನೆ, ವಾಗ್ದಾನದ ಚೀಟಿ, ಸಮಾಧಿಕಲ್ಲಿನ ಬರಹ, ಸುಗ್ಗಿಯ ಕಾಣಿಕೆ ಮೊದಲಾದವನ್ನು ಊರೂರಿನಲ್ಲಿ ದಾಖಲಿಸಬೇಕಾದ ಕೆಲಸ ಇನ್ನೂ ಮುಂದಿದೆ. ಕಾಗದದ ಚೀಟಿಗಳು ಪ್ರತಿ ಜನವರಿಯಲ್ಲಿಯೂ ಬದಲಾಗುತ್ತವೆ, ಹಳೆಯವು ಕಸವಾಗುತ್ತವೆ. ಅವನ್ನು ಸಂಗ್ರಹಿಸುವ ಗ್ರಂಥಾಲಯವೊಂದಿದ್ದರೆ, ಒಂದು ಸಮುದಾಯವು ವರ್ಷವರ್ಷವೂ ಯಾವ ಮಾತನ್ನು ಕೇಳಲು ಹಂಬಲಿಸಿತೆಂಬ ಚರಿತ್ರೆ ಅಲ್ಲಿ ದೊರೆಯುತ್ತದೆ. ಆ ಹಂಬಲ ಮಾತ್ರ ಯಾವೊಂದು ಮತದ್ದೂ ಅಲ್ಲ. ಮಾತು ತಪ್ಪುವವರ ಲೋಕದಲ್ಲಿ ತಪ್ಪದ ಮಾತೊಂದಿರಲಿ ಎಂಬ ಆಸೆ ಹುಲಿಯ ಬಳಿಗೆ ಮರಳಿ ನಡೆದ ಹಸುವಿನ ಕಥೆಯನ್ನು ಕಟ್ಟಿದ ಜನಕ್ಕೆ ತಿಳಿಯದುದಲ್ಲ.